ಪಡುವಣ ಬಾಗಿಲ ಓವರ್‌ಸೀಯರು

ಅರಸೀಕೆರೆಯ ಓವರ್‌ಸೀಯರ್ ಅನಂತಸ್ವಾಮಿಯ ಪ್ರಕಾರ ಲೋಕದಲ್ಲಿ ಇದ್ದದ್ದು ಎರಡೇ ಜಾತಿ. ನಕ್ಷೆ ಓದಬಲ್ಲವರದು ಒಂದು, ನಕ್ಷೆಯನ್ನು ತಲೆಕೆಳಗಾಗಿ ಹಿಡಿದುಕೊಂಡು ತಲೆದೂಗುವವರದು ಇನ್ನೊಂದು. ಮೊದಲನೆಯ ಜಾತಿಯಲ್ಲಿ, ಅವನಿಗೆ ತಿಳಿದಮಟ್ಟಿಗೆ, ಅರಸೀಕೆರೆಯಿಂದ ಬೇಲೂರಿನ ತನಕ ಅವನೊಬ್ಬನೇ. ಮಿಕ್ಕವರೆಲ್ಲ ಬೆಪ್ಪುತಕ್ಕಡಿಗಳು. ಈ ಅಭಿಪ್ರಾಯವನ್ನು ಅವನು ಮನಸ್ಸಿನಲ್ಲಿಟ್ಟುಕೊಂಡು ಕೊರಗಿದವನೂ ಅಲ್ಲ. ಆಫೀಸಿನಲ್ಲಿ, ಪೋಸ್ಟಾಫೀಸಿನ ಕಟ್ಟೆಯ ಮೇಲೆ, ರೈಲು ಕಾಯುವ ಬೆಂಚಿನ ಮೇಲೆ, ಕೇಳುವವರು ಸಿಕ್ಕಲ್ಲೆಲ್ಲ ಆಡಿಯೇ ಬಿಡುತ್ತಿದ್ದ.

ಮರಾಮತ್ತು ಇಲಾಖೆಯಲ್ಲಿ ಅವನದು ದೀರ್ಘ ಸೇವೆ. ಆ ಸೇವೆಯುದ್ದಕ್ಕೂ ಅವನು ನಕ್ಷೆ ಬರೆದು ಕಟ್ಟಿಸಿದ್ದಾದರೂ ಏನು? ರಸ್ತೆ ಮೋರಿಗಳು, ದನದ ದೊಡ್ಡಿಗಳು, ಚೌಕಿಮನೆಗಳು, ಒಂದು ಸಲ ಆಸ್ಪತ್ರೆಯ ಹಿಂದೆ ಹೆಣ ಕೊಯ್ಯುವ ಕೋಣೆ. ಮನುಷ್ಯನಾದವನು ತಾನಾಗಿ ಬಂದು ಸಂತೋಷವಾಗಿ ಕೂರುವಂಥದ್ದು ಅವನ ಕೈಯಿಂದ ಒಂದೂ ಆಗಿರಲಿಲ್ಲ. ಇದು ಅವನಿಗೆ ಒಳಗೊಳಗೇ ಕೊರೆಯುತ್ತಿತ್ತು. ಪಿಂಚಣಿ ಹತ್ತಿರ ಬಂದಂತೆ ಆ ಕೊರೆತ ಹೆಚ್ಚಾಯಿತು, ನಾಲಿಗೆಯೂ ಅಷ್ಟೇ ಹರಿತವಾಯಿತು.

ಹುಟ್ಟಿದ್ದು ಬೇಲೂರಿನಲ್ಲಿ, ದೇವಸ್ಥಾನದ ಸೇವೆಯ ಮನೆತನದಲ್ಲಿ. ಅಣ್ಣ ಸುಂದರರಾಜ ಇನ್ನೂ ಅಲ್ಲೇ ದೇವರ ನೈವೇದ್ಯದ ಅಡುಗೆಮನೆ ನೋಡಿಕೊಂಡಿದ್ದ. ತಮ್ಮನಿಗೆ ಮಾತ್ರ ರಾಹುಕಾಲ ಅಂದರೆ ನಗು, ಹಲ್ಲಿ ಲೊಚಗುಟ್ಟಿದರೆ ನಗು, ಶಕುನ ನೋಡಿ ವಾಪಸು ಬರುವವರನ್ನು ಕಂಡರಂತೂ ಹೊಟ್ಟೆ ಹಿಡಿದುಕೊಂಡು ನಗು. ಊಟದ ವಿಷಯ ಬೇರೆ. ಕ್ಯಾಂಪಿಗೆ ಹೋದಾಗಲೆಲ್ಲ ಒಂದು ಹಿತ್ತಾಳೆ ಪಾತ್ರೆ, ಒಂದು ಹಿಡಿ ಅಕ್ಕಿ, ನೀರಿನ ಚೊಂಬು ಜೊತೆಗೇ ಹೋಗಬೇಕು. ಜಾವಗಲ್ಲಿನಲ್ಲಾಗಲಿ ಅರೇಹಳ್ಳಿಯಲ್ಲಾಗಲಿ ತಾನೇ ಬೇಯಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ಇದನ್ನು ಅವನು ನಂಬಿಕೆ ಎಂದು ಕರೆಯುತ್ತಿರಲಿಲ್ಲ. ಅಭ್ಯಾಸ ಎನ್ನುತ್ತಿದ್ದ. ಮೂಢನಂಬಿಕೆ ಇದ್ದದ್ದೆಲ್ಲ ಬೇರೆಯವರಲ್ಲಿ.

ಒಂದು ಸಲ ಬಸ್ತಿಹಳ್ಳಿ ರಸ್ತೆಯ ಮೋರಿ ರಿಪೇರಿಗೆ ಹೋದವನು ಸಂಜೆ ಹಳೇಬೀಡಿನ ಗುಡಿಯ ಹತ್ತಿರ ಸುಮ್ಮನೆ ನಿಂತ. ಗುಡಿಯ ಸುತ್ತ ಹುಲ್ಲು ಬೆಳೆಸಿ ಬೇಲಿ ಹಾಕಿದ್ದರು. ಆ ಹುಲ್ಲಿನ ಮೇಲೆ ಸಂತೆ ಮುಗಿಸಿದ ರೈತರು, ಬೇಲೂರಿನಿಂದ ಬಂದ ಸಂಸಾರಗಳು, ಮೇಷ್ಟರುಗಳು, ಹೆಂಗಸರು ಮಕ್ಕಳು ಕಾಲು ಚಾಚಿಕೊಂಡು ಕೂತಿದ್ದರು. ಕಡಲೆಕಾಯಿ ಸಿಪ್ಪೆ ಒಬ್ಬರದು ಇನ್ನೊಬ್ಬರ ಕಡೆ ಹಾರುತ್ತಿತ್ತು. ಆ ಹುಲ್ಲು ಯಾರಪ್ಪನದೂ ಅಲ್ಲ, ಅದಕ್ಕೇ ಯಾರೂ ಯಾರನ್ನೂ ಏಳು ಅನ್ನುತ್ತಿಲ್ಲ. ಅನಂತಸ್ವಾಮಿಗೆ ಎದೆ ತುಂಬಿ ಬಂತು. ಸಾಯುವುದರೊಳಗೆ ಇಂಥದ್ದೊಂದು ತನ್ನ ಕೈಯಿಂದ ಆಗಬೇಕು ಅಂದುಕೊಂಡ. ಆಮೇಲೆ ಗುಡಿಯ ಕಟ್ಟೆಯ ಆಚೆ ಮಗ್ಗುಲಿಗೆ ಹೋಗಿ, ಯಾರೂ ಕಾಣದ ಕಡೆ ಕೂತು, ಮನೆಯಿಂದ ತಂದ ಮೊಸರನ್ನ ಬಿಚ್ಚಿದ.

ಅದಾದ ಕೆಲವು ವರ್ಷಕ್ಕೆ, ಸಾವಿರದ ಒಂಬೈನೂರ ಐವತ್ತಾರರ ಸುಮಾರಿಗೆ, ಅರಸೀಕೆರೆಯಲ್ಲಿ ಒಂದು ಗೃಹ ನಿರ್ಮಾಣ ಸಂಘ ಹುಟ್ಟಿತು. ಬಾಡಿಗೆ ವಠಾರದಲ್ಲಿ ಒಂದೇ ಕೊಳಾಯಿಗೆ ಬಡಿದಾಡಿ ಬೇಸತ್ತ ಹನ್ನೊಂದು ಮಂದಿ ಸೇರಿ ಮಾಡಿಕೊಂಡದ್ದು. ಅಧ್ಯಕ್ಷ ಕೊಬ್ಬರಿ ಮಂಡಿಯ ಷಡಕ್ಷರಪ್ಪ. ಕಾರ್ಯದರ್ಶಿ ಹೈಸ್ಕೂಲು ಮೇಷ್ಟರು ನಂಜುಂಡಯ್ಯ. ಹುಳಿಯಾರು ರಸ್ತೆಯ ಕಡೆ ಒಂದು ರಾಗಿ ಹೊಲ ಕೊಂಡರು. ಹೊಲವೇನೋ ಬಂತು, ಅದನ್ನು ಕೊಯ್ದು ಮನೆ ಮಾಡುವವರು ಯಾರು? ಓವರ್‌ಸೀಯರನ್ನೂ ಹನ್ನೆರಡನೆಯ ಸದಸ್ಯನನ್ನಾಗಿ ಮಾಡಿಕೊಂಡರೆ ನಕ್ಷೆ ಪುಕ್ಕಟೆ ಬರುತ್ತದೆ ಎಂದು ಮೊದಲು ಹೊಳೆದದ್ದು ಷಡಕ್ಷರಪ್ಪನಿಗೆ. ಇಂಥದ್ದೆಲ್ಲ ಅವನಿಗೇ ಹೊಳೆಯಬೇಕು.

ಅನಂತಸ್ವಾಮಿ ಒಂದು ತಿಂಗಳು ರಾತ್ರಿ ಹಗಲೆನ್ನದೆ ಕೂತು ಬರೆದ. ಹೊಲದ ನಡುವೆ ಉದ್ದಕ್ಕೆ ಒಂದು ತೋಟ. ತೋಟದ ಎರಡು ಮಗ್ಗುಲಿಗೆ ಆರಾರು ಮನೆ. ಅಷ್ಟೂ ಮನೆಗಳ ತಲೆಬಾಗಿಲು, ಜಗಲಿ, ತೋಟದ ಕಡೆಗೆ. ಕಾಂಪೌಂಡು ಗೋಡೆ ಇಲ್ಲ, ಮೊಳಕಾಲೆತ್ತರದ ದಾಸವಾಳದ ಬೇಲಿ ಸಾಕು. ನಡುವೆ ಹೊಂಗೆ ಮರಗಳು, ಅವುಗಳ ಕೆಳಗೆ ಕಲ್ಲು ಬೆಂಚು. ಕಕ್ಕಸುಗಳೆಲ್ಲ ಮನೆಗಳ ಬೆನ್ನಿಗೆ. ಅವುಗಳನ್ನು ಬಳಿಯುವ ಪುರಸಭೆಯ ಜಾಡಮಾಲಿ ಬಂದುಹೋಗಲು ಎರಡು ಸಾಲಿನ ಹಿಂದೆಯೂ ಒಂದೊಂದು ಗಲ್ಲಿ. ತೋಟದಲ್ಲಿ ಕೂತವರಿಗೆ ಕಾಣಿಸುವುದೆಂದರೆ ಬರೀ ಜಗಲಿಗಳು, ಜಗಲಿಯ ಮೇಲಿನ ಮುಖಗಳು.

ಸಂಘದ ಸಭೆಯಲ್ಲಿ ಅವನು ನಕ್ಷೆ ಹಾಸಿ, ಹನ್ನೆರಡು ಮನೆಯವರೂ ಸಂಜೆ ಒಂದೇ ಕಡೆ ಬಂದು ಕೂರಬೇಕು, ಅದಕ್ಕಾಗಿಯೇ ಈ ತೋಟ, ಇದೊಂದನ್ನು ಕೆಡಿಸಬೇಡಿ, ಮಿಕ್ಕದ್ದು ಏನಾದರೂ ಮಾಡಿಕೊಳ್ಳಿ ಎಂದು ಹೇಳಿದ. ಸದಸ್ಯರು ಭೇಷ್ ಎಂದು ಚಪ್ಪಾಳೆ ತಟ್ಟಿದರು. ಆಕ್ಷೇಪಣೆ ಒಂದೂ ಬರಲಿಲ್ಲ. ಬರುವುದೆಲ್ಲಿಂದ? ಒಬ್ಬನಿಗಾದರೂ ಅದು ಅರ್ಥವಾಗಿದ್ದರೆ ತಾನೆ! ಮೇಷ್ಟರು ನಂಜುಂಡಯ್ಯ, ಮಕ್ಕಳಿಗೆ ಭೂಪಟ ಹೇಳಿಕೊಡುವ ಪುಣ್ಯಾತ್ಮ, ತೋಟವನ್ನು ಕೆರೆ ಎಂದು ತಿಳಿದು ಸೊಳ್ಳೆ ಜಾಸ್ತಿಯಾಗುವುದಿಲ್ಲವೇ ಎಂದು ಕೇಳಿದ. ಯಾವ ಮನೆ ಯಾರಿಗೆಂದು ಚೀಟಿ ಎತ್ತಿದರು. ಪಾಯ ತೋಡಲು ದಿನ ಗೊತ್ತಾಯಿತು.

ಪಾಯದ ಪೂಜೆಗೆ ಬಂದ ಪುರೋಹಿತರು ಮೂಡಣ ಸಾಲಿನ ಮೊದಲ ಮನೆಯಲ್ಲಿ ನಿಂತು, ತಲೆಬಾಗಿಲು ಎಲ್ಲಿ ಬರುತ್ತದೆ ಎಂದು ಕೇಳಿದರು. ಮೇಸ್ತ್ರಿ ತೋಟದ ಕಡೆ ಕೈ ತೋರಿಸಿದ. ಪುರೋಹಿತರು ಸೂರ್ಯನನ್ನು ನೋಡಿದರು, ಮೇಸ್ತ್ರಿಯನ್ನು ನೋಡಿದರು, ಇದು ಪಡುವಣ ಬಾಗಿಲಾಗುತ್ತದಲ್ಲ ಎಂದರು. ಅಷ್ಟೇ. ನಕ್ಷೆಯಲ್ಲಿ ತಿಂಗಳುಗಟ್ಟಲೆ ಕಣ್ಣಿಗೆ ಬೀಳದೇ ಇದ್ದದ್ದು ಆ ಮಾತಿನಿಂದ ಎಲ್ಲರಿಗೂ ಒಮ್ಮೆಲೇ ಕಂಡಿತು. ತೋಟದ ಪಡುವಣ ಸಾಲಿನ ಆರು ಮನೆಗಳಿಗೆ ಬಾಗಿಲು ಮೂಡಣಕ್ಕೆ, ಅವರು ಬದುಕಿದರು. ಎದುರು ಸಾಲಿನ ಆರು ಮನೆಗಳ ಬಾಗಿಲು ಮುಳುಗುವ ಸೂರ್ಯನ ಕಡೆಗೆ. ಆ ಆರರಲ್ಲಿ ಒಂದು ಅಧ್ಯಕ್ಷ ಷಡಕ್ಷರಪ್ಪನದು, ಒಂದು ಮೇಷ್ಟರದು, ಒಂದು ಸ್ವತಃ ಅನಂತಸ್ವಾಮಿಯದು.

ಷಡಕ್ಷರಪ್ಪ ಅವತ್ತೇ ಸಂಜೆ ತುರ್ತು ಸಭೆ ಕರೆದ. ಪಡುವಣ ಬಾಗಿಲಿನ ಮನೆಯಲ್ಲಿ ದೀಪ ನಿಲ್ಲುವುದಿಲ್ಲ, ಮಕ್ಕಳು ಹೇಳಿದ ಮಾತು ಕೇಳುವುದಿಲ್ಲ, ವ್ಯಾಪಾರ ಕೈ ಹತ್ತುವುದಿಲ್ಲ ಎಂದು ಒಬ್ಬೊಬ್ಬರೂ ಒಂದೊಂದು ಸೇರಿಸಿದರು. ಅನಂತಸ್ವಾಮಿ, ಬೇಲೂರಿನಲ್ಲಿ ಸೂರ್ಯ ಮುಳುಗುವ ಕಡೆಯೇ ಬಾಗಿಲಿರುವ ಮನೆಗಳಲ್ಲಿ ಎಂಟೆಂಟು ಮಕ್ಕಳನ್ನು ಹೆತ್ತು ಬದುಕಿದವರಿದ್ದಾರೆ, ಬೇಕಾದರೆ ಹೋಗಿ ನೋಡಿ ಬನ್ನಿ ಎಂದು ಕೂಗಾಡಿದ. ನೋಡಿಬರಲು ಯಾರಿಗೂ ಪುರಸೊತ್ತಿರಲಿಲ್ಲ. ಆ ಸಾಲಿನ ಮನೆಗಳನ್ನು ಇದ್ದಲ್ಲೇ ತಿರುಗಿಸಿ ಕಟ್ಟುವುದೆಂದು ಗೊತ್ತುವಳಿಯಾಯಿತು.

ತಿರುಗಿಸಿದರೆ ಏನಾಗುತ್ತದೆ? ಮುಖ ಇದ್ದ ಕಡೆ ಬೆನ್ನು ಬರುತ್ತದೆ. ತಲೆಬಾಗಿಲು ಜಾಡಮಾಲಿಯ ಗಲ್ಲಿಗೆ ಹೋಯಿತು. ಆ ಗಲ್ಲಿಗೆ ಜಲ್ಲಿ ಹಾಕಿ, ಮೊದಲನೇ ಅಡ್ಡರಸ್ತೆ ಎಂದು ಹೆಸರಿಟ್ಟರು. ಕಕ್ಕಸುಗಳು ತೋಟದ ಮೇಲೆ ಬಂದವು. ಇನ್ನು ಜಾಡಮಾಲಿ ಎಲ್ಲಿಂದ ಬರಬೇಕು? ತೋಟದೊಳಗಿಂದಲೇ. ಹಳೇಬೀಡಿನ ಹುಲ್ಲುಹಾಸನ್ನು ನೆನೆಸಿಕೊಂಡು ಮನುಷ್ಯನೊಬ್ಬ ಬರೆದ ತೋಟವನ್ನು ಹನ್ನೊಂದು ಮಂದಿ ವಿದ್ಯಾವಂತರು, ಅನುಕೂಲಸ್ಥರು ಕೂತು ಒಂದೇ ಸಂಜೆಯಲ್ಲಿ ಕಕ್ಕಸಿನ ಗಲ್ಲಿ ಮಾಡಿದರು. ಆಮೇಲೆ ಎಲ್ಲರೂ ಖಾರಾಪುರಿ ತಿಂದು ಮನೆಗೆ ಹೋದರು. ಥೂ, ಇಂಥವರ ಬುದ್ಧಿಗೆ ಏನೆನ್ನಬೇಕು!

ಇದು ಅಲ್ಲಿಗೇ ನಿಲ್ಲಲಿಲ್ಲ. ಮನೆಗಳು ಎದ್ದ ಮೇಲೆ ಪಡುವಣ ಸಾಲಿನವರು ಬೆಳಿಗ್ಗೆ ಬಾಗಿಲು ತೆಗೆದು ರಂಗೋಲಿ ಇಡಲು ಬಂದರೆ ಎದುರಿಗೆ ಸಾಲಾಗಿ ಕಕ್ಕಸಿನ ತಗಡಿನ ಬಾಗಿಲುಗಳು. ಅವರು ಬಾಯಿ ಬಡಿದುಕೊಂಡರು. ಬಡಿದುಕೊಂಡು ಆಳೆತ್ತರದ ಕಾಂಪೌಂಡು ಎಬ್ಬಿಸಿದರು. ಬೆನ್ನು ತೋರಿಸಿದವರ ಕಡೆಯಿಂದಲೂ, ನಮ್ಮ ಮಾನಕ್ಕೆ ಮರೆ ಬೇಡವೇ ಎಂದು ಗೋಡೆಗಳು ಎದ್ದವು. ನಡುವಿನ ತೋಟದಲ್ಲಿ ಸುಣ್ಣದ ಗುಂಡಿ, ಮುರಿದ ಇಟ್ಟಿಗೆ, ಬಚ್ಚಲ ನೀರು ಉಳಿದವು.

ಇಷ್ಟೆಲ್ಲದರ ನಡುವೆ ಒಂದು ಮನೆ ಮಾತ್ರ ತಿರುಗಲಿಲ್ಲ. ಅನಂತಸ್ವಾಮಿ ತನ್ನ ಮನೆಯನ್ನು ನಕ್ಷೆಯಲ್ಲಿದ್ದ ಹಾಗೆಯೇ ಕಟ್ಟಿಸಿದ. ಬಾಗಿಲು ಪಡುವಣಕ್ಕೆ, ಜಗಲಿ ತೋಟಕ್ಕೆ, ಕಕ್ಕಸು ಹಿಂದೆ. ಹಾಗಾಗಿ ಮೊದಲನೇ ಅಡ್ಡರಸ್ತೆಯಲ್ಲಿ ಐದು ತಲೆಬಾಗಿಲುಗಳ ಜೊತೆಗೆ ಒಂದು ಕಕ್ಕಸು, ತೋಟದಲ್ಲಿ ಐದು ಕಕ್ಕಸುಗಳ ಜೊತೆಗೆ ಒಂದು ತಲೆಬಾಗಿಲು ಆಯಿತು. ಸಂಜೆಯಾದರೆ ಅವನು ಆ ಜಗಲಿಯ ಮೇಲೆ ಈಜಿಚೇರು ಹಾಕಿಕೊಂಡು ಸುಣ್ಣದ ಗುಂಡಿಯ ಕಡೆ ನೋಡುತ್ತ ಕೂರುತ್ತಿದ್ದ. ಹುಚ್ಚು ಎಂದರು ಜನ. ಜಗ್ಗಲಿಲ್ಲ.

ಹೆಂಡತಿ ಯದುಗಿರಿ ಜಗಳವಾಡಲಿಲ್ಲ, ಅವಳ ಕ್ರಮವೇ ಬೇರೆ. ಹಾಲು ಒಡೆದರೆ ಬಾಗಿಲ ಕಡೆ ಒಂದು ಸಲ ನೋಡುವಳು. ಮಗ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದ ದಿನ ಬಾಗಿಲ ಕಡೆ ಎರಡು ಸಲ ನೋಡಿದಳು. ಬೇಲೂರಿನಿಂದ ಬಂದ ಭಾವ ಸುಂದರರಾಜನ ಮುಂದೆ ಮಾತ್ರ, ನಿಮ್ಮ ತಮ್ಮನವರಿಗೆ ಸೂರ್ಯ ಹುಟ್ಟುವುದು ಬೇಡವಂತೆ, ಮುಳುಗಿದರೆ ಸಾಕಂತೆ ಎಂದು ಹೇಳಿ ಕಣ್ಣು ಒರೆಸಿಕೊಂಡಳು. ಅನಂತಸ್ವಾಮಿ ಅಡುಗೆಮನೆಗೆ ಕೇಳುವ ಹಾಗೆ, ದಿಕ್ಕುಗಳಿಗೆ ಹೆದರುವವರು ಚುಕ್ಕಾಣಿ ಹಿಡಿದ ದೇಶ ಉದ್ಧಾರವಾದ ಹಾಗೆಯೇ ಎಂದ.

ಆ ಕಾಲೊನಿಯಲ್ಲಿ ಗೋಡೆ ಕಟ್ಟದ ಇನ್ನೊಂದು ಮನೆ ಇತ್ತು. ತೋಟದ ಆಚೆ, ಸರಿಯಾಗಿ ಅವನ ಬಾಗಿಲಿಗೆ ಎದುರು, ಬೋರಯ್ಯನದು. ಬೋರಯ್ಯ ಜಾವಗಲ್ ಕಡೆಯ ತೆಂಗಿನ ತೋಟದವನು, ಮಕ್ಕಳ ಓದಿಗೆಂದು ಪೇಟೆಯಲ್ಲಿ ಮನೆ ಮಾಡಿದವನು. ಗೋಡೆ ಯಾಕೆ ಕಟ್ಟಲಿಲ್ಲ ಎಂದು ಕೇಳಿದರೆ, ನೆಲ ಬಿಟ್ಟು ಗೋಡೆ ನೋಡ್ಕಂಡು ಕುಂತ್ಕಳಕ್ಕಾಯ್ತದಾ ಎನ್ನುತ್ತಿದ್ದ. ಊರಿಗೆ ಹೋಗಿಬಂದಾಗಲೆಲ್ಲ ಗಾಡಿಯಲ್ಲಿ ಗೊಬ್ಬರ ಬಂತು, ಸಸಿ ಬಂತು. ಸುಣ್ಣದ ಗುಂಡಿ ಮುಚ್ಚಿಸಿದ. ಅನಂತಸ್ವಾಮಿ ನಕ್ಷೆ ಹಿಡಿದು ಹೊಂಗೆ ಎಲ್ಲಿ, ಸಂಪಿಗೆ ಎಲ್ಲಿ ಎಂದು ಗೂಟ ಹೊಡೆದ. ಬೋರಯ್ಯನ ಹೆಂಡತಿ ಮುದ್ದಮ್ಮ, ಇವನು ಗೂಟ ಹೊಡೆದಲ್ಲೆಲ್ಲ ನೀರು ಹುಯ್ದಳು. ಜಾಡಮಾಲಿ ಬರುವ ದಾರಿಗೆ ಎರಡೂ ಕಡೆ ಕಣಗಿಲೆ ಹಾಕಿ ಮರೆ ಮಾಡಿದರು, ನಡುವೆ ಒಂದು ಕಲ್ಲು ಬೆಂಚು ಹಾಕಿಸಿದರು.

ಸಂಜೆ ಬೋರಯ್ಯ ತನ್ನ ಜಗಲಿಯಿಂದ, ಇವನು ತನ್ನ ಜಗಲಿಯಿಂದ ಎದ್ದು ಬಂದು ಕಲ್ಲು ಬೆಂಚಿನ ಮೇಲೆ ಕೂರುವುದು ರೂಢಿಯಾಯಿತು. ಬೋರಯ್ಯ ಕೊಟ್ಟ ಎಳನೀರನ್ನು ಅನಂತಸ್ವಾಮಿ ಎತ್ತಿ ಕುಡಿಯುತ್ತಿದ್ದ, ಅದಕ್ಕೆ ಮೈಲಿಗೆ ಇಲ್ಲ. ಗೋಡೆಯ ಹಿಂದಿನ ಹತ್ತು ಮನೆಯವರನ್ನು ಇಬ್ಬರೂ ಸೇರಿ ಮನಸಾರೆ ಬೈಯುತ್ತಿದ್ದರು. ಬೈಗುಳ ಮುಗಿದ ಮೇಲೆ ಅನಂತಸ್ವಾಮಿಯದು ಒಂದೇ ಮಾತು. ಹನ್ನೆರಡು ಮನೆಯವರು ಒಂದು ದಿನವಾದರೂ ಇಲ್ಲಿ ಕೂತದ್ದನ್ನು ನೋಡಬೇಕು ಬೋರಯ್ಯನವರೇ. ಕುಂತ್ಕತಾರೆ ಬುಡಿ ಸ್ವಾಮಿ, ನೆಳ್ಳು ದೊಡ್ಡದಾಗ್ಲಿ ಎನ್ನುತ್ತಿದ್ದ ಬೋರಯ್ಯ. ಹೊಂಗೆ ಮರ ಬೇಗ ಬೆಳೆಯುತ್ತದೆ. ಅರವತ್ತಮೂರರ ಹೊತ್ತಿಗೆ ನಾಲ್ಕು ಮರಗಳು ಕೂಡಿಕೊಂಡು ಚಪ್ಪರದ ಹಾಗೆ ನೆರಳು ಕಟ್ಟಿದ್ದವು.

ಆ ವರ್ಷ ಬೋರಯ್ಯನ ಹಿರಿಮಗಳಿಗೆ ಮದುವೆ ಗೊತ್ತಾಯಿತು. ಅವನು ನೇರವಾಗಿ ಅನಂತಸ್ವಾಮಿಯ ಜಗಲಿಗೆ ಬಂದ. ಛತ್ರ ಹಿಡಿಯುವುದಿಲ್ಲ, ಮದುವೆ ತೋಟದಲ್ಲೇ ಎಂದ. ಹನ್ನೆರಡು ಮನೆಯವರನ್ನೂ ಕರೆಯುತ್ತೇನೆ, ನೀವು ಹೇಳ್ತಿದ್ದದ್ದು ಆಗಲಿ ಎಂದ. ಅನಂತಸ್ವಾಮಿ ತಟ್ಟನೆ ಎದ್ದ. ಒಳಗೆ ಹೋಗಿ ಹಾಳೆ, ಪೆನ್ಸಿಲು ತಂದ. ಚಪ್ಪರದ ಕಂಬ ಎಲ್ಲಿ, ಧಾರೆ ಮಂಟಪ ಎಲ್ಲಿ, ಓಲಗದವರು ಎಲ್ಲಿ ಎಂದು ಅಲ್ಲೇ ಬರೆಯತೊಡಗಿದ. ಊಟಕ್ಕೆ ಹೊಂಗೆ ಮರಗಳ ಕೆಳಗೆ ಒಂದೇ ಪಂಕ್ತಿ. ಹನ್ನೆರಡು ಮನೆಯವರು ಬೇರೆಬೇರೆ ಮೂಲೆ ಹಿಡಿಯಕೂಡದು, ಈ ತುದಿಯಿಂದ ಆ ತುದಿಗೆ ಒಂದೇ ಸಾಲು ಎಂದು ತಾನೇ ಗೆರೆ ಎಳೆದ. ಬೋರಯ್ಯ ಅದನ್ನು ನೋಡಿದ. ಅವನು ನಕ್ಷೆಯನ್ನು ತಲೆಕೆಳಗಾಗಿ ಹಿಡಿಯಲಿಲ್ಲ.

"ಅಡ್ಗೆಗೆ ಬೇಲೂರಿಂದ ನಿಮ್ಮೋರನ್ನೇ ಕರುಸ್ತೀನಿ ಸ್ವಾಮಿ," ಎಂದ. "ಮೊದಲ್ನೇ ಎಲೆ ನಿಮ್ದು. ನೀವು ಕುಂತ್ರೆ ಮಿಕ್ಕೋರೂ ಕುಂತ್ಕತಾರೆ."

ಅನಂತಸ್ವಾಮಿ ಗೆರೆ ಎಳೆಯುವ ಉತ್ಸಾಹದಲ್ಲಿದ್ದ. ತಲೆ ಎತ್ತದೆಯೇ, ಆಗಲಿ, ಅದಕ್ಕೇನಂತೆ ಎಂದುಬಿಟ್ಟ. ಒಳಗೆ ಹೂ ಕಟ್ಟುತ್ತಿದ್ದ ಯದುಗಿರಿಯ ಕೈ ಒಂದು ಕ್ಷಣ ನಿಂತಿತು.

ಮದುವೆಯ ದಿನ ತೋಟ ತೋಟವಾಗಿತ್ತು. ಕಕ್ಕಸುಗಳಿಗೆ ತೆಂಗಿನ ಗರಿಯ ತಡಿಕೆ ಕಟ್ಟಿ ಮಾವಿನ ಸೊಪ್ಪು ಸಿಕ್ಕಿಸಿದ್ದರು. ಗೋಡೆಗಳ ಗೇಟುಗಳು ತೆರೆದಿದ್ದವು. ತೋಟಕ್ಕೆ ಬೆನ್ನು ಹಾಕಿ ಕೂತಿದ್ದ ಸಾಲಿನವರು ಬಚ್ಚಲು ಬಾಗಿಲಿನಿಂದ ಜರಿ ಪಂಚೆ ಎತ್ತಿಹಿಡಿದುಕೊಂಡು ಹೊರಬಂದರು. ಷಡಕ್ಷರಪ್ಪ ಬಂದ, ಓಹೋ ಎಷ್ಟು ತಂಪಾಗಿದೆ ಎಂದು ತಾನೇ ಕಂಡುಹಿಡಿದವನ ಹಾಗೆ ಹೇಳಿದ. ನಂಜುಂಡಯ್ಯ ಹೆಂಡತಿ ಕಮಲಾಕ್ಷಮ್ಮನೊಡನೆ ಬಂದ, ತೋಟ ಇಷ್ಟು ಉದ್ದವಿದೆ ಎಂದು ಗೊತ್ತೇ ಇರಲಿಲ್ಲ ಎಂದ. ಗೊತ್ತಾಗುವುದು ಹೇಗೆ, ಐದಾರು ವರ್ಷದಿಂದ ಅದರ ಕಡೆ ಅವನು ಮಾಡಿದ್ದ ಕೆಲಸವೇ ಬೇರೆ. ಅನಂತಸ್ವಾಮಿ ಪಂಚೆ ಕಚ್ಚೆ ಹಾಕಿ, ಹಣೆಗೆ ನಾಮವಿಟ್ಟು, ಬೀಗರನ್ನು ತನ್ನ ಜಗಲಿಯ ಮುಂದೆಯೇ ಎದುರುಗೊಂಡು ಓಡಾಡುತ್ತಿದ್ದ. ಅವನ ಮುಖ ಅಷ್ಟು ಬೆಳಗಿದ್ದನ್ನು ಯಾರೂ ನೋಡಿರಲಿಲ್ಲ.

ಧಾರೆಯಾಯಿತು. ಎಲೆ ಹಾಕಿದರು. ಈ ತುದಿಯಿಂದ ಆ ತುದಿಗೆ ಒಂದೇ ಸಾಲು, ಬರೆದಿದ್ದ ಹಾಗೆಯೇ. ಲಿಂಗವಂತ ಷಡಕ್ಷರಪ್ಪ ಒಂದು ಗಳಿಗೆ ಅಲ್ಲಿ ಇಲ್ಲಿ ನೋಡಿದ, ಹೊಟ್ಟೆ ಹಸಿದಿತ್ತು, ಕೂತ. ಸ್ಮಾರ್ತ ಬ್ರಾಹ್ಮಣ ನಂಜುಂಡಯ್ಯ ಗೊಣಗಿಕೊಂಡು ಎಲೆಯ ಸುತ್ತ ನೀರು ಕಟ್ಟಿದ, ಕೂತ. ಬೋರಯ್ಯನ ನೆಂಟರು, ಬೀಗರು, ಮಿಕ್ಕ ಮನೆಯವರು ಎಲ್ಲ ಕೂತರು. ಸಾಲಿನ ಮೊದಲನೆಯ ಎಲೆ ಖಾಲಿ ಇತ್ತು. ಗಾಳಿಗೆ ಹಾರದಿರಲೆಂದು ಅದರ ಮೇಲೆ ನೀರಿನ ಲೋಟ ಇಟ್ಟಿದ್ದರು. ಅನಂತಸ್ವಾಮಿ ಸಾಲಿನ ಉದ್ದಕ್ಕೂ ನೋಡುತ್ತ, ಉಬ್ಬಿಹೋಗಿ, ಆ ಎಲೆಯ ಹತ್ತಿರ ಬಂದ.

ಅನ್ನದ ಬೋಗುಣಿ ಹಿಡಿದು ನಿಂತಿದ್ದ ಅಡುಗೆಯವನು ಬೇಲೂರಿನವನು, ಅಣ್ಣ ಸುಂದರರಾಜನ ಕೈಕೆಳಗೆ ಕೆಲಸ ಮಾಡುವವನು. ಅವನು ಇವನನ್ನು ಗುರುತು ಹಿಡಿದು, ಮೆಲ್ಲಗೆ, ಮರ್ಯಾದೆಯಿಂದಲೇ ಕೇಳಿದ.

"ತಾವೂ ಇಲ್ಲೇ ಕೂರೋದಾ ಸ್ವಾಮಿ?"

ಅಷ್ಟೇ ಕೇಳಿದ್ದು. ಅನಂತಸ್ವಾಮಿ ಅಲ್ಲೇ ನಿಂತ. ಅಡುಗೆ ಮಾಡಿದವರು ತಮ್ಮವರು, ಸರಿ. ಆದರೆ ಕೂರುವ ಸಾಲು? ಎಡಕ್ಕೆ ಷಡಕ್ಷರಪ್ಪ, ಅವನ ಆಚೆ ಬೋರಯ್ಯನ ಷಡ್ಡಕ. ನಾಳೆ ಬೆಳಿಗ್ಗೆ ದೇವಸ್ಥಾನದ ಅಡುಗೆಮನೆಯಲ್ಲಿ ಅಣ್ಣನಿಗೆ ಸುದ್ದಿ. ಇಷ್ಟೆಲ್ಲ ಅವನು ಯೋಚಿಸಿದ್ದು ನಿಜವೋ, ಅಥವಾ ಯೋಚನೆಗೆ ಮೊದಲೇ ಮೈ ಹಿಂದಕ್ಕೆ ಸರಿಯಿತೋ, ಅವನಿಗೇ ಗೊತ್ತಾಗಲಿಲ್ಲ. ಮಡಿ ಉಟ್ಟು ಬರುತ್ತೇನೆ ಎಂದು ಯಾರಿಗೆಂದಿಲ್ಲದೆ ಹೇಳಿ ತನ್ನ ಜಗಲಿ ಹತ್ತಿದ. ಒಳಗೆ ಹೋಗಿ ಬಾಗಿಲು ಮುಚ್ಚಿದ. ಪಡುವಣ ಬಾಗಿಲು ಹಗಲು ಹೊತ್ತಿನಲ್ಲಿ ಮುಚ್ಚಿದ್ದು ಅದೇ ಮೊದಲು.

ಅಡುಗೆಮನೆಯಲ್ಲಿ ಯದುಗಿರಿ ಎಲೆ ಹಾಕಿಕೊಂಡು ಕೂತಿದ್ದಳು. ಅನ್ನ, ಸಾರು ಮಾಡಿಟ್ಟಿದ್ದಳು. ಯಾವಾಗ ಮಾಡಿದಳೋ. ಬರುತ್ತೀರಿ ಅಂತ ಗೊತ್ತಿತ್ತು ಎಂದಳು. ಅದರಲ್ಲಿ ಕುಹಕವೇನೂ ಇರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. ದಿಕ್ಕಿಗೆ ಹೆದರುವವರನ್ನು ಆಡಿಕೊಂಡು ನಗುತ್ತ ಬಂದ ಮನುಷ್ಯ ಒಬ್ಬ ಅಡುಗೆಯವನ ಪ್ರಶ್ನೆಗೆ ಹೆದರಿ ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕೂತ. ಹೊರಗೆ ಸದ್ದಿಲ್ಲ. ಬಡಿಸಿದ ಎಲೆಗಳ ಮುಂದೆ ಅಷ್ಟೂ ಜನ ಕೈ ಕಟ್ಟಿ ಕಾಯುತ್ತಿದ್ದಾರೆ, ತನಗಾಗಿ ಕಾಯುತ್ತಿದ್ದಾರೆ ಎಂದು ಅವನಿಗೆ ಗೊತ್ತಿತ್ತು. ಸಾರು ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸಿದ. ಎಷ್ಟೋ ಹೊತ್ತಿನ ಮೇಲೆ ಬೋರಯ್ಯನ ದನಿಯಲ್ಲಿ ಗೋವಿಂದಾ ಎಂದು ಕೇಳಿತು. ಸಾಲೆಲ್ಲ ಗೋವಿಂದಾ ಗೋವಿಂದ ಎಂದಿತು. ಅವನು ಕಿಟಕಿಯ ಸಂದಿನಿಂದ ನೋಡಿದ. ಅವನು ಬರೆದ ಹಾಗೆಯೇ ಇತ್ತು. ಹನ್ನೊಂದು ಮನೆಯವರು ಅವನ ಮರಗಳ ಕೆಳಗೆ ಕೂತು ಉಣ್ಣುತ್ತಿದ್ದರು. ಖಾಲಿ ಎಲೆಗೂ ಎಲ್ಲ ಬಡಿಸಿದ್ದರು. ಊಟ ಮುಗಿದು ಎಲ್ಲರೂ ಎದ್ದ ಮೇಲೆ ಆ ತುಂಬಿದ ಎಲೆಯನ್ನು ಮುದ್ದಮ್ಮ ತಾನೇ ಎತ್ತಿಕೊಂಡು ಹೋಗಿ ಹಸುವಿನ ಮುಂದೆ ಇಟ್ಟಳು.

ಸಂಜೆ ಬೋರಯ್ಯ ತಾಂಬೂಲ ತಂದ. ಜಗಲಿ ಹತ್ತಲಿಲ್ಲ, ಕೆಳಗೇ ನಿಂತ. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಇದಕ್ಕೆ ಮೈಲಿಗೆ ಇಲ್ಲ. ಅನಂತಸ್ವಾಮಿ ಸೆರಗೊಡ್ಡಿದ ಹಾಗೆ ಉತ್ತರೀಯ ಒಡ್ಡಿ ತೆಗೆದುಕೊಂಡ. ತಲೆನೋವು ಬಂದಿತ್ತು ಎಂದೇನೋ ಶುರುಮಾಡಿದ. ಬೋರಯ್ಯ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವನಿಗೆ ಸಿಟ್ಟು ಬಂದಿರಲಿಲ್ಲ.

"ಊರೋರೆಲ್ಲ ನಗಾಡಿದ್ರೂ ಬಾಗ್ಲ ನಮ್ ಕಡೀಕೇ ಮಡಗಿದ್ರಿ ಸ್ವಾಮಿ," ಎಂದ. "ಆ ಬಾಗ್ಲಿಂದ ಒಂದ್ಸಲ ಈಚೀಕೆ ಬಂದು ಕುಂತ್ಕಳಕ್ಕೆ ಆಗ್ನಿಲ್ಲ, ಅಲ್ವಾ?"

ಬೋರಯ್ಯ ತೋಟ ದಾಟಿ ಮನೆಗೆ ಹೋದ. ಮಾರನೆಯ ದಿನ ಚಪ್ಪರ ಬಿಚ್ಚಿದರು. ಗೋಡೆಗಳ ಗೇಟುಗಳು ಮುಚ್ಚಿದವು. ಸಂಜೆ ಬೋರಯ್ಯ ಎಂದಿನ ಹಾಗೆ ಬಂದು ಬೆಂಚಿನ ಮೇಲೆ ಕೂತ, ಎಳನೀರನ್ನೂ ತಂದಿದ್ದ. ಅನಂತಸ್ವಾಮಿ ಬಾಗಿಲ ಸಂದಿನಿಂದ ಅವನನ್ನು ನೋಡಿದ, ಹೊರಗೆ ಹೋಗಲಾಗಲಿಲ್ಲ. ಇನ್ನೊಂದು ಸಂಜೆಯೂ ಆಗಲಿಲ್ಲ. ಬಾಗಿಲು ತೆಗೆದರೆ ಎದುರಿಗೆ ಬೋರಯ್ಯನ ಬಾಗಿಲು, ಜಗಲಿಗೆ ಬಂದರೆ ಮುದ್ದಮ್ಮ ಗಿಡಕ್ಕೆ ನೀರು ಹುಯ್ಯುತ್ತ ಸೆರಗು ಸರಿಮಾಡಿಕೊಂಡು, ಊಟ ಆಯ್ತಾ ಸ್ವಾಮಿ ಎನ್ನುತ್ತಿದ್ದಳು. ದಿನಾ ಕೇಳುವ ಮಾತೇ ಅದು. ಈಗ ಅವನಿಗೆ ಅದನ್ನು ಕೇಳಿಸಿಕೊಳ್ಳಲು ಆಗುತ್ತಿರಲಿಲ್ಲ.

ಆಷಾಢ ಕಳೆದ ಮೇಲೆ ಅವನು ಗಾರೆಯವನನ್ನು ಕರೆಸಿದ. ನಕ್ಷೆ ಬರೆಯಲಿಲ್ಲ, ಬಾಯಲ್ಲೇ ಹೇಳಿದ. ಪಡುವಣ ಬಾಗಿಲು ಕಿತ್ತು ಇಟ್ಟಿಗೆ ಇಟ್ಟು ಮುಚ್ಚು, ಅಡ್ಡರಸ್ತೆಯ ಕಡೆ ಗೋಡೆ ಒಡೆದು ತಲೆಬಾಗಿಲು ಇಡು. ಹಿಂದಿನ ಕಕ್ಕಸನ್ನು ತೋಟದ ಕಡೆಗೆ ತಾ. ಯದುಗಿರಿ ಹೊಸ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿದಳು, ಇಷ್ಟು ವರ್ಷ ನೋಡಿ ಸಾಕಾಗಿದ್ದ ಹಳೆಯ ಬಾಗಿಲ ಕಡೆ ಈಗ ನೋಡಲಿಲ್ಲ.

ಮೊದಲನೇ ಅಡ್ಡರಸ್ತೆಯಲ್ಲಿ ಹಬ್ಬವೇ ಆಯಿತು. ನಂಜುಂಡಯ್ಯ ಬಂದು, ಶಾಸ್ತ್ರ ಅನ್ನುವುದು ಸುಮ್ಮನೆ ಬಂದದ್ದಲ್ಲ ಎಂದು ಕೈ ಕುಲುಕಿದ. ಷಡಕ್ಷರಪ್ಪ ಹೊಸ ಹೊಸ್ತಿಲ ಮೇಲೆ ತೆಂಗಿನಕಾಯಿ ಒಡೆದು, ಕೊನೆಗೂ ಸ್ವಾಮಿಗಳಿಗೆ ಪೂರ್ವದ ಬೆಲೆ ತಿಳಿಯಿತು ಎಂದ. ನಕ್ಷೆ ಓದಲು ಬರದ ಬೆಪ್ಪುತಕ್ಕಡಿಗಳು ಅವನ ಸುತ್ತ ನಿಂತು, ನೀನೂ ನಮ್ಮವನೇ ಎಂದು ಬೆನ್ನು ತಟ್ಟಿದರು. ಇಲ್ಲ, ಕಾರಣ ಅದಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಕಾರಣ ಯಾವುದೆಂದು ಕೇಳುತ್ತಾರೆ. ಅನಂತಸ್ವಾಮಿ, ಹೌದು, ನೀವು ಹೇಳಿದ್ದೇ ಸರಿ ಎಂದು ತಲೆಯಾಡಿಸಿದ.

ಅವತ್ತು ಸಂಜೆ ಜಾಡಮಾಲಿ ತೋಟದ ದಾರಿಯಲ್ಲಿ ಬಂದು, ಆರನೆಯ ಕಕ್ಕಸಿನ ಹೊಸ ತಗಡಿನ ಬಾಗಿಲನ್ನು ಕಂಡು ನಿಂತ. ಬೋರಯ್ಯ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಅವನ ಮನೆಯ ಬಾಗಿಲು ತೆಗೆದೇ ಇತ್ತು.